ಬೇಲಿ ಕಾಯುವವರು ಯಾರು?



ಕಳೆದ ತಿಂಗಳು ಒಂದು ಬೆಳಗ್ಗೆ ನಮ್ಮ ಮಹಿಳಾ ಸಂಘದ ಮುಂದೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದೆ. ಮುಂದಿದ್ದ ಹಿರಿಯಕ್ಕ ತಿರುಗಿ ನೋಡಿ ಕೇಳಿದರು: “ಅಲ್ಲ ಕಣವ್ವ, ನೀನು ಕೋರ್ಟಿಗೆ ಹೋಗೋಳು. ಟೀವೀಲಿ ಒಂದಿನ ಹೊರದೇಶದ ಹಾಲು ಬತ್ತದೆ ಅಂತಾರೆ, ಇನ್ನೊಂದಿನ ಬರಕಿಲ್ಲ ಅಂತಾರೆ. ಯಾವುದು ದಿಟ? ಬಂದ್ರೆ ನಮ್ಮ ಹಾಲು ಯಾರು ತಕ್ಕೊತಾರೆ?”

ನಾನು ತಾಲ್ಲೂಕು ನ್ಯಾಯಾಲಯದಲ್ಲಿ ವಕೀಲಿಕೆ ಮಾಡುವವಳು, ಮನೆಯಲ್ಲಿ ಎರಡು ಮಿಶ್ರತಳಿ ಹಸು ಕಟ್ಟಿರುವವಳು. “ಸದ್ಯಕ್ಕೆ ಬರಲ್ಲ ಬಿಡಿ ಅಕ್ಕ” ಎಂದೆ. “ಸದ್ಯಕ್ಕೆ ಅಂದ್ರೆ ಎಲ್ಲೀಗಂಟ?” ಎಂದರು. ಅಷ್ಟರಲ್ಲಿ ಅವರ ಸರದಿ ಬಂತು. ಹಾಲು ಅಳೆಸಿ, ಚೀಟಿ ತೆಗೆದುಕೊಂಡು ಹೊರಟುಹೋದರು. ಅವರಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ನಿಮ್ಮೆಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನಮ್ಮ ಹಾಲಿನ ದರವನ್ನು ಎರಡು ಬೇಲಿಗಳು ಕಾಯುತ್ತಿವೆ. ಒಂದು ದೇಶದ ಗಡಿಯಲ್ಲಿದೆ. ಅದರ ಹೆಸರು ಆಮದು ಸುಂಕ. ಇನ್ನೊಂದು ಊರೊಳಗಿದೆ, ಅದು ನಾವೇ ಕಟ್ಟಿಕೊಂಡ ಸಹಕಾರ ಸಂಘ. ಹೊರಬೇಲಿಯ ಬಗ್ಗೆ ನಾವು ಬಹಳ ಮಾತಾಡುತ್ತೇವೆ, ಬೇಕಾದರೆ ಬೀದಿಗೂ ಇಳಿಯುತ್ತೇವೆ. ಒಳಬೇಲಿಯ ಬಗ್ಗೆ ಮಾತೇ ಇಲ್ಲ. ಆದರೆ ಹೊರದೇಶಗಳ ಹೈನುಗಾರರ ಕಥೆ ಓದಿದಷ್ಟೂ ನನಗೆ ಅನ್ನಿಸುವುದು ಒಂದೇ: ಒಳಬೇಲಿ ಸಡಿಲವಾದ ಕಡೆ ರೈತರನ್ನು ಹೊರಬೇಲಿ ಕಾಪಾಡಿಲ್ಲ.

ಗಡಿಯಲ್ಲಿರುವ ಬೇಲಿ

ಹೊರದೇಶದ ಹಾಲು ಎಂದರೆ ಕ್ಯಾನಿನಲ್ಲಿ ಬರುವ ಹಾಲಲ್ಲ, ಚೀಲದಲ್ಲಿ ಬರುವ ಪುಡಿ ಮತ್ತು ಪೆಟ್ಟಿಗೆಯಲ್ಲಿ ಬರುವ ಬೆಣ್ಣೆ. ಮಳೆ ಬಿದ್ದು ಹಸಿರು ಮೇವು ಹೆಚ್ಚಿದಾಗ ನಮ್ಮ ಹಾಲೂ ಹೆಚ್ಚುತ್ತದೆ. ಮಾರಿ ಉಳಿದ ಹಾಲನ್ನು ಒಕ್ಕೂಟ ಪುಡಿ, ಬೆಣ್ಣೆ ಮಾಡಿ ಇಡುತ್ತದೆ. ನೂರು ಲೀಟರ್ ಹಸುವಿನ ಹಾಲಿಗೆ ಸುಮಾರು ಎಂಟೂವರೆಯಿಂದ ಒಂಬತ್ತು ಕಿಲೋ ಕೆನೆರಹಿತ ಪುಡಿ, ಸುಮಾರು ನಾಲ್ಕು ಕಿಲೋ ಬೆಣ್ಣೆ ಸಿಗುತ್ತದೆ. ಈ ಪುಡಿಗೆ ಒಳ್ಳೆಯ ಬೆಲೆ ಇದ್ದರೆ ಹೆಚ್ಚು ಹಾಲು ಬರುವ ತಿಂಗಳುಗಳಲ್ಲೂ ನಿಮ್ಮ ದರ ನಿಲ್ಲುತ್ತದೆ. ಹೊರಗಿನ ಅಗ್ಗದ ಪುಡಿ ಬಂದರೆ ಐಸ್‌ಕ್ರೀಮು, ಬಿಸ್ಕತ್ತು ಮಾಡುವವರು ಅದನ್ನೇ ಕೊಳ್ಳುತ್ತಾರೆ. ನಮ್ಮ ಪುಡಿ ಗೋದಾಮಿನಲ್ಲೇ ಉಳಿಯುತ್ತದೆ. ಒಕ್ಕೂಟದ ಹಣ ಅಲ್ಲಿ ಸಿಕ್ಕಿಬೀಳುತ್ತದೆ. ಕೊನೆಗೆ ಅದರ ಬಿಸಿ ತಟ್ಟುವುದು ನಿಮ್ಮ ಬಟವಾಡೆಗೆ.

ಈ ಪುಡಿಯನ್ನು ತಡೆಯುವ ಬೇಲಿ ಮೊದಲಿನಿಂದ ಇದ್ದದ್ದಲ್ಲ. ಹಾಲಿನ ಪುಡಿಗೆ ಸುಂಕವನ್ನೇ ಹಾಕುವುದಿಲ್ಲವೆಂದು ನಮ್ಮ ದೇಶ ಹಿಂದೆ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದಲ್ಲಿ ಬರೆದುಕೊಟ್ಟಿತ್ತು. ಆಗ ಅದರಿಂದ ತೊಂದರೆ ಕಾಣಲಿಲ್ಲ. ಆಮದಿಗೆ ಬೇರೆ ನಿರ್ಬಂಧಗಳಿದ್ದವು, ಸರ್ಕಾರ ಬೇಡವೆಂದರೆ ಪುಡಿ ಬರುತ್ತಿರಲಿಲ್ಲ. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಶುರುವಾದ ಮೇಲೆ ಲೆಕ್ಕ ಬದಲಾಯಿತು. ಆ ನಿರ್ಬಂಧಗಳು ನಿಯಮಕ್ಕೆ ವಿರುದ್ಧ ಎಂದು ಅಮೆರಿಕ ದೂರು ಕೊಟ್ಟು 1999ರಲ್ಲಿ ಗೆದ್ದಿತು. 2001ರ ಏಪ್ರಿಲ್ ಹೊತ್ತಿಗೆ ಭಾರತ ಅವುಗಳನ್ನು ತೆಗೆಯಬೇಕಾಯಿತು. ನಿರ್ಬಂಧವೂ ಇಲ್ಲ, ಸುಂಕವೂ ಇಲ್ಲ ಎಂದರೆ ಗೇಟು ಪೂರ್ತಿ ತೆರೆದಂತೆ. ಆಗ ನಮ್ಮ ದೇಶ ಬೇರೆ ದೇಶಗಳ ಜೊತೆ ಕುಳಿತು ಮತ್ತೆ ಮಾತುಕತೆ ನಡೆಸಿತು. ಬೇರೆ ಸರಕುಗಳಲ್ಲಿ ರಿಯಾಯಿತಿ ಕೊಟ್ಟು ಪುಡಿಯ ಸುಂಕವನ್ನು ಏರಿಸುವ ಹಕ್ಕು ಪಡೆಯಿತು. ವರ್ಷಕ್ಕೆ 10,000 ಟನ್ನಿನವರೆಗೆ ಶೇ. 15, ಅದಕ್ಕೆ ಮೇಲ್ಪಟ್ಟು ಶೇ. 60 ಎಂದು ತೀರ್ಮಾನವಾಯಿತು.

ಲೆಕ್ಕಕ್ಕೆ ಹೇಳುವುದಾದರೆ, ಹಡಗಿನಿಂದ ಇಳಿಯುವ ಪುಡಿ ಕಿಲೋಗೆ 200 ರೂಪಾಯಿ ಎಂದುಕೊಳ್ಳಿ. ಶೇ. 15ರ ಸುಂಕದಲ್ಲಿ ಅದು 230 ಆಗುತ್ತದೆ, ಶೇ. 60ರಲ್ಲಿ 320 ಆಗುತ್ತದೆ. ಆ 90 ರೂಪಾಯಿಯ ಅಂತರವೇ ನಮ್ಮ ಹೊರಬೇಲಿ.

ಒಮ್ಮೆ ಬರೆದುಕೊಟ್ಟದ್ದನ್ನು ವಾಪಸು ಪಡೆಯಲು ಎಷ್ಟು ಬೆಲೆ ತೆರಬೇಕಾಯಿತು ನೋಡಿ. ಹೀಗಾಗಿಯೇ 2019ರಲ್ಲಿ ಆರ್‌ಸಿಇಪಿ ಎಂಬ ದೊಡ್ಡ ವ್ಯಾಪಾರ ಒಪ್ಪಂದದ ಮಾತು ಬಂದಾಗ ದೇಶದ ಹೈನುಗಾರರು ಗಟ್ಟಿಯಾಗಿ ದನಿ ಎತ್ತಿದರು. ಅದರಲ್ಲಿ ನ್ಯೂಜಿಲೆಂಡ್, ಆಸ್ಟ್ರೇಲಿಯಾ ಎರಡೂ ಇದ್ದವು. ನ್ಯೂಜಿಲೆಂಡ್ ಐವತ್ತು ಲಕ್ಷದಷ್ಟು ಜನರಿರುವ ದೇಶ. ತನ್ನ ಹಾಲಿನ ಬಹುಪಾಲನ್ನು ಹೊರಗೆ ಮಾರಿಯೇ ಬದುಕಬೇಕು. ನಮ್ಮಲ್ಲಿ ಸುಮಾರು ಎಂಟು ಕೋಟಿ ಗ್ರಾಮೀಣ ಕುಟುಂಬಗಳು ಹೈನಿಗೆ ಅಂಟಿಕೊಂಡಿವೆ. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಆ ಒಪ್ಪಂದಕ್ಕೆ ಸೇರುವುದಿಲ್ಲವೆಂದು ಹೇಳಿತು. ಆಸ್ಟ್ರೇಲಿಯಾದೊಂದಿಗೆ 2022ರಲ್ಲಿ, ಬ್ರಿಟನ್ನಿನೊಂದಿಗೆ 2025ರ ಜುಲೈಯಲ್ಲಿ ಸಹಿಯಾದ ಒಪ್ಪಂದಗಳಲ್ಲೂ ಹೈನು ಪದಾರ್ಥಗಳನ್ನು ಸುಂಕ ರಿಯಾಯಿತಿಯಿಂದ ಹೊರಗಿಡಲಾಯಿತು.

ಹಾಗಾಗಿ “ಸದ್ಯಕ್ಕೆ ಬರಲ್ಲ” ಎಂದದ್ದು ದಿಟ. “ಎಲ್ಲೀಗಂಟ” ಎಂದರೆ, ಪ್ರತಿ ಹೊಸ ಒಪ್ಪಂದದ ಮೇಜಿನ ಮೇಲೆ ಈ ಪ್ರಶ್ನೆ ಮತ್ತೆ ಬರುತ್ತದೆ. ಪ್ರತಿ ಸಲವೂ ಯಾರೋ ನಮ್ಮ ಪರವಾಗಿ ಲೆಕ್ಕ ಹಿಡಿದು ಕೂರಬೇಕು.

ಆ ಲೆಕ್ಕ ಎಲ್ಲಿಂದ ಬರುತ್ತದೆ ಗೊತ್ತೆ? ಹೊರದೇಶದವರು ತಮ್ಮ ಊರಿನ ದರಕ್ಕಿಂತ ಕಡಿಮೆಗೆ ಇಲ್ಲಿ ತಂದು ಸುರಿದರೆ, ಅದರಿಂದ ಇಲ್ಲಿನ ಉತ್ಪಾದಕರಿಗೆ ಪೆಟ್ಟು ಬಿದ್ದರೆ, ಹೆಚ್ಚುವರಿ ಸುಂಕ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ಅದನ್ನು ಆ್ಯಂಟಿ ಡಂಪಿಂಗ್ ಸುಂಕ ಎನ್ನುತ್ತಾರೆ. ಆದರೆ ಸುಮ್ಮನೆ ಅತ್ತರೆ ಅದು ಸಿಗುವುದಿಲ್ಲ. ಅರ್ಜಿಯ ಹಿಂದೆ ದೇಶದ ಒಟ್ಟು ಉತ್ಪಾದನೆಯ ಕನಿಷ್ಠ ಶೇ. 25ರಷ್ಟು ಮಾಡುವವರ ಬೆಂಬಲ ಇರಬೇಕು. ಉತ್ಪಾದನಾ ವೆಚ್ಚ ಎಷ್ಟು, ದರ ಎಷ್ಟು ಬಿತ್ತು, ನಷ್ಟ ಎಷ್ಟು ಎಂಬ ಲೆಕ್ಕ ಬೇಕು. ಸ್ಟೀಲು ಮಾಡುವ ನಾಲ್ಕು ಕಂಪನಿಗಳು ಇದನ್ನು ಒಂದು ವಾರದಲ್ಲಿ ಜೋಡಿಸಬಲ್ಲವು. ಎರಡು ಹಸು, ಮೂರು ಹಸುವಿನ ಲಕ್ಷಾಂತರ ಮನೆಗಳ ಲೆಕ್ಕ ಜೋಡಿಸುವವರು ಯಾರು? ಸಹಕಾರ ಸಂಘಗಳ ಪುಸ್ತಕ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಹೊರಬೇಲಿಯ ಗೂಟವೂ ಒಳಬೇಲಿಯಲ್ಲೇ ನೆಟ್ಟಿದೆ ಎಂದು ನಾನು ಹೇಳುವುದು ಅದಕ್ಕೆ.

ಊರೊಳಗಿನ ಬೇಲಿ

ಕರೆದ ಹಾಲು ಕಾಯುವುದಿಲ್ಲ. ರಾಗಿಯನ್ನು ಬೆಲೆ ಬರುವ ತನಕ ಮನೆಯಲ್ಲಿ ಇಟ್ಟುಕೊಳ್ಳಬಹುದು, ಹಾಲನ್ನು ಸಂಜೆಯ ತನಕವೂ ಇಡಲಾಗದು. ಒಬ್ಬಳೇ ಆರು ಲೀಟರ್ ಹಿಡಿದು ನಿಂತರೆ ಕೊಳ್ಳುವವನು ಹೇಳಿದ್ದೇ ದರ. ನೂರು ಜನ ಒಂದು ಕಡೆ ಸುರಿದರೆ ಮಾತಾಡುವ ಶಕ್ತಿ ಬರುತ್ತದೆ. ಇಷ್ಟು ನಮಗೆಲ್ಲ ಗೊತ್ತು.

ಇಲ್ಲಿ ಕಾನೂನಿನ ಒಂದು ತೊಡಕಿದೆ. ಒಂದೇ ವ್ಯಾಪಾರ ಮಾಡುವವರು ಗುಟ್ಟಾಗಿ ಕೂಡಿ “ಎಲ್ಲರೂ ಇದೇ ಬೆಲೆಗೆ ಮಾರೋಣ” ಎಂದು ತೀರ್ಮಾನಿಸಿದರೆ ಅದು ತಪ್ಪು. ಸಿಮೆಂಟ್ ಕಂಪನಿಗಳು ಹಾಗೆ ಮಾಡಿದರೆ ಮನೆ ಕಟ್ಟುವ ನಮಗೇ ಏಟು. ಹಾಗಾದರೆ ರೈತರು ಒಟ್ಟಾಗಿ ಬೆಲೆ ಕೇಳುವುದು ಏನು? ಈ ಪ್ರಶ್ನೆ ನೂರು ವರ್ಷದ ಹಿಂದೆಯೇ ಅಮೆರಿಕದಲ್ಲಿ ಎದ್ದಿತ್ತು. ಅಲ್ಲಿ 1890ರಲ್ಲಿ ದೊಡ್ಡ ಕಂಪನಿಗಳ ಏಕಸ್ವಾಮ್ಯ ಮುರಿಯಲು ಬಂದ ಕಾನೂನನ್ನು ರೈತರ ಸಂಘಟನೆಗಳ ಮೇಲೂ ಬಳಸಿದರು. ರೈತರು ಹೋರಾಡಿ 1922ರಲ್ಲಿ ಕ್ಯಾಪರ್-ವೋಲ್ಸ್ಟೆಡ್ ಕಾಯ್ದೆ ಎಂಬುದನ್ನು ಪಡೆದರು. ರೈತರು ಕೂಡಿ ತಮ್ಮ ಬೆಳೆ, ಹಾಲು ಮಾರಬಹುದು, ಅದು ಅಪರಾಧವಲ್ಲ ಎಂದು ಆ ಕಾಯ್ದೆ ಹೇಳಿತು.

ಅದು ಪುಕ್ಕಟೆ ರಕ್ಷಣೆಯಾಗಿರಲಿಲ್ಲ. ಸಂಘದ ಸದಸ್ಯರು ನಿಜವಾದ ಉತ್ಪಾದಕರಾಗಿರಬೇಕು. ಸಂಘ ನಡೆಯುವುದು ಸದಸ್ಯರ ಒಳಿತಿಗೇ ಆಗಿರಬೇಕು. ಒಬ್ಬರಿಗೆ ಒಂದೇ ಮತ ಇರಬೇಕು, ಇಲ್ಲವೇ ಷೇರಿನ ಲಾಭಾಂಶ ವರ್ಷಕ್ಕೆ ಶೇ. 8 ದಾಟಬಾರದು. ಹೊರಗಿನವರ ಸರಕಿನ ವ್ಯಾಪಾರ ಸದಸ್ಯರ ಸರಕಿಗಿಂತ ಹೆಚ್ಚಾಗಬಾರದು. ಸಂಘ ಬೆಲೆಯನ್ನು ವಿಪರೀತ ಏರಿಸಿದರೆ ಸರ್ಕಾರ ಕೈಹಾಕಬಹುದು. 1939ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇನ್ನೊಂದು ಗೆರೆ ಎಳೆಯಿತು: ರೈತರು ತಮ್ಮೊಳಗೆ ಕೂಡಬಹುದು, ಹಾಲು ಹಂಚುವ ಕಂಪನಿಗಳೊಂದಿಗೆ ಸೇರಿ ದರ ನಿಗದಿ ಮಾಡಿದರೆ ಆ ರಕ್ಷಣೆ ಇಲ್ಲ. ಒಟ್ಟಿನಲ್ಲಿ ಸಂಘ ರೈತರದಾಗಿರುವ ತನಕ ಮಾತ್ರ ಕಾನೂನಿನ ನೆರಳು.

ನಮ್ಮಲ್ಲಿ ಹೇಗಿದೆ? ನಮ್ಮ ಸ್ಪರ್ಧಾ ಕಾಯ್ದೆ 2002ರದು. ಅದರ ಮುಖ್ಯ ಕಲಮುಗಳು 2009ರ ಮೇ ತಿಂಗಳಲ್ಲಿ ಜಾರಿಗೆ ಬಂದವು. ಕಾಯ್ದೆ ಯಾರ‍್ಯಾರಿಗೆ ಅನ್ವಯಿಸುತ್ತದೆ ಎಂದು ಹೇಳುವಾಗ ಅದು ಸಹಕಾರ ಸಂಘವನ್ನೂ ಹೆಸರಿಸಿಯೇ ಸೇರಿಸಿದೆ. ರೈತರ ಸಹಕಾರ ಸಂಘಗಳಿಗೆ ಅಮೆರಿಕದಂತೆ ಪ್ರತ್ಯೇಕ ವಿನಾಯಿತಿಯ ಕಲಮು ಅದರಲ್ಲಿಲ್ಲ. ಬೇಕೆನಿಸಿದರೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಬಿಟ್ಟಿದೆ. ಪ್ರತಿಸ್ಪರ್ಧಿಗಳು ಕೂಡಿ ಬೆಲೆ ನಿಗದಿ ಮಾಡುವುದನ್ನು, “ಈ ಸೀಮೆ ನಿನ್ನದು, ಆ ಸೀಮೆ ನನ್ನದು” ಎಂದು ಮಾರುಕಟ್ಟೆ ಹಂಚಿಕೊಳ್ಳುವುದನ್ನು ಸ್ಪರ್ಧೆಗೆ ಮಾರಕ ಎಂದೇ ಎಣಿಸುತ್ತದೆ. ದಂಡ ವಹಿವಾಟಿನ ಶೇ. 10ರ ತನಕ ಹೋಗಬಹುದು.

ಈ “ಸೀಮೆ”ಯ ಮಾತು ನಮಗೆ ಹೊಸದಲ್ಲ. 1992ರ ಹಾಲು ಮತ್ತು ಹಾಲಿನ ಉತ್ಪನ್ನಗಳ ಆದೇಶದಡಿ ಯಾವ ಡೇರಿ ಯಾವ ಸೀಮೆಯಲ್ಲಿ ಹಾಲು ಕೊಳ್ಳಬೇಕು ಎಂಬ ಮಿಲ್ಕ್‌ಶೆಡ್ ಪದ್ಧತಿ ಇತ್ತು. 2002ರಲ್ಲಿ ಅದನ್ನು ಕೈಬಿಟ್ಟರು. ಆಮೇಲೂ ಒಂದು ರಾಜ್ಯದ ಸಹಕಾರಿಗಳು ಇನ್ನೊಂದು ರಾಜ್ಯದ ಸೀಮೆಗೆ ಕೈಹಾಕದೆ ಇರುವುದು ಹೆಚ್ಚಾಗಿ ಮರ್ಯಾದೆಯಿಂದ ನಡೆದುಬಂತು. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿನಲ್ಲಿ ಹಾಲು, ಮೊಸರು ಮಾರುವುದಾಗಿ ಹೇಳಿದಾಗ ನಮ್ಮ ರಾಜ್ಯದಲ್ಲಿ ಎಷ್ಟು ಗದ್ದಲವಾಯಿತೆಂದು ನೆನಪಿರಬೇಕು. ಮರುತಿಂಗಳೇ, ತಮಿಳುನಾಡಿನಲ್ಲಿ ಅಮುಲ್ ಹಾಲು ಸಂಗ್ರಹಿಸುವುದನ್ನು ತಡೆಯಿರಿ ಎಂದು ಅಲ್ಲಿನ ಮುಖ್ಯಮಂತ್ರಿ ಕೇಂದ್ರಕ್ಕೆ ಪತ್ರ ಬರೆದರು. ಇನ್ನೊಂದು ಮಗ್ಗುಲೂ ಇದೆ. ನಮ್ಮ ನಂದಿನಿ ಕೇರಳದಲ್ಲಿ ಮಳಿಗೆ ತೆರೆದಾಗ ಅಲ್ಲಿನ ಮಿಲ್ಮಾ ಇದೇ ಮಾತು ಹೇಳಿ ಆಕ್ಷೇಪಿಸಿತು. 2024ರ ನವೆಂಬರ್‌ನಲ್ಲಿ ನಂದಿನಿ ದೆಹಲಿಗೆ ಹೋದಾಗ ನಾವು ಹೆಮ್ಮೆಪಟ್ಟೆವು. ನಮ್ಮ ಮನೆಗೆ ಬಂದರೆ ಅತಿಕ್ರಮಣ, ನಾವು ಹೋದರೆ ವಿಸ್ತರಣೆ ಎನ್ನುವ ವಾದ ಯಾವ ಕೋರ್ಟಿನಲ್ಲೂ ನಿಲ್ಲುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಸಿದ್ಧವಾದ ತುಪ್ಪ, ಪೇಡ, ಹಾಲು ಯಾವ ಊರಿನ ಅಂಗಡಿಯಲ್ಲಾದರೂ ಮಾರಾಟವಾಗಲಿ. ಗಿರಾಕಿ ಬೇಕಾದದ್ದು ಆರಿಸಿಕೊಳ್ಳಲಿ. ಆದರೆ ಒಂದು ಸಂಘ ಐವತ್ತು ವರ್ಷ ತಳಿ ಸುಧಾರಣೆ, ಪಶುವೈದ್ಯ ಸೇವೆ, ಪಶು ಆಹಾರ, ಶೀತಲೀಕರಣ ಎಂದು ಹಣ ಸುರಿದು ಬೆಳೆಸಿದ ಊರಿನಲ್ಲಿ ಇನ್ನೊಂದು ಸಹಕಾರಿ ಬಂದು ಕ್ಯಾನು ಇಡುವುದು ಬೇರೆಯೇ ವಿಷಯ. ಅದನ್ನು ಫೋನಿನಲ್ಲಿ ಆಡುವ ಮಾತಿನಿಂದ, ಗುಟ್ಟಿನ ಒಪ್ಪಂದದಿಂದ ಬಗೆಹರಿಸಲು ಹೋಗಬಾರದು. ನಾಳೆ ಸ್ಪರ್ಧಾ ಆಯೋಗದ ಮುಂದೆ ಯಾರಾದರೂ ದೂರು ಕೊಟ್ಟರೆ ಅದಕ್ಕೆ ರಕ್ಷಣೆ ಇರುವುದಿಲ್ಲ. ರೈತರ ಒಡೆತನದ ಸಹಕಾರಿಗಳು ಎಷ್ಟರ ಮಟ್ಟಿಗೆ ಕೂಡಿ ನಡೆಯಬಹುದು ಎಂದು ಕೇಂದ್ರ ಸರ್ಕಾರ ಕಾಯ್ದೆಯಲ್ಲೇ ಬಿಚ್ಚಿ ಬರೆಯಲಿ. ಜೊತೆಗೆ ಷರತ್ತನ್ನೂ ಬರೆಯಲಿ: ನಿಜವಾದ ಉತ್ಪಾದಕರೇ ಸದಸ್ಯರು, ಒಬ್ಬರಿಗೆ ಒಂದೇ ಮತ, ಲೆಕ್ಕ ಎಲ್ಲರ ಮುಂದೆ. ಷರತ್ತು ಬೇಡ, ರಕ್ಷಣೆ ಮಾತ್ರ ಬೇಕು ಎಂದರೆ ನಾವು ಸೋಲುತ್ತೇವೆ. ಸೋಲಬೇಕಾದದ್ದೇ.

ಬೇಲಿಯೇ ಎದ್ದು ಹೊಲ ಮೇಯ್ದರೆ

ಹೀಗೇಕೆ ಹೇಳುತ್ತೇನೆಂದು ಕೇಳಬಹುದು. ಎರಡು ನಿಜ ಸಂಗತಿ ಕೇಳಿ.

ಅಮೆರಿಕದಲ್ಲಿ 1998ರಲ್ಲಿ ನಾಲ್ಕು ಸಹಕಾರಿಗಳು ಕೂಡಿ ಡೇರಿ ಫಾರ್ಮರ್ಸ್ ಆಫ್ ಅಮೆರಿಕ ಎಂಬ ಬಹುದೊಡ್ಡ ಸಹಕಾರಿಯಾಯಿತು. ಹೆಸರೇ “ಅಮೆರಿಕದ ಹೈನುಗಾರರು” ಎಂದು. 2009ರಲ್ಲಿ ಅಲ್ಲಿನ ಈಶಾನ್ಯ ರಾಜ್ಯಗಳ ಹೈನುಗಾರರು ಅದರ ಮೇಲೆಯೇ ನ್ಯಾಯಾಲಯಕ್ಕೆ ಹೋದರು. ಹಾಲು ಕೊಳ್ಳುವ ದೊಡ್ಡ ಕಂಪನಿಯೊಂದಿಗೆ ಸೇರಿ ಸಹಕಾರಿಯೇ ರೈತರ ದರವನ್ನು ಅದುಮಿದೆ ಎಂಬುದು ಅವರ ದೂರು. ಸಹಕಾರಿ ತಪ್ಪನ್ನು ಒಪ್ಪಲಿಲ್ಲ, ಆದರೆ 5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. 2016ರಲ್ಲಿ ನ್ಯಾಯಾಲಯ ಆ ರಾಜಿಗೆ ಒಪ್ಪಿಗೆ ಕೊಟ್ಟಿತು. ಏಳು ವರ್ಷ! ತಮ್ಮದೇ ಸಂಘದ ವಿರುದ್ಧ ರೈತರು ವಕೀಲರನ್ನು ಹಿಡಿದು ಏಳು ವರ್ಷ ಅಲೆಯಬೇಕಾಯಿತು.

ಇನ್ನೊಂದು ಆಸ್ಟ್ರೇಲಿಯಾದ್ದು. ಮರ‍್ರೆ ಗೋಲ್ಬರ್ನ್ ಎಂಬ ಸಹಕಾರಿ 1950ರಲ್ಲಿ ಹುಟ್ಟಿ ಆ ದೇಶದ ಅತಿ ದೊಡ್ಡ ಹಾಲು ಸಂಸ್ಥೆಗಳಲ್ಲಿ ಒಂದಾಗಿ ಬೆಳೆದಿತ್ತು. 2015ರಲ್ಲಿ ಅದು ಷೇರುಪೇಟೆಗೆ ಹೋಗಿ ಹೊರಗಿನವರಿಂದ ಬಂಡವಾಳ ತಂದಿತು. ಹಾಲಿಗೆ ಇಂತಿಷ್ಟು ದರ ಕೊಡುತ್ತೇವೆಂದು ರೈತರಿಗೂ ಹೂಡಿಕೆದಾರರಿಗೂ ಹೇಳುತ್ತ ಬಂದಿತು. 2016ರ ಏಪ್ರಿಲ್‌ನಲ್ಲಿ, ಹಾಲಿನ ವರ್ಷ ಮುಗಿಯಲು ಎರಡೇ ತಿಂಗಳಿರುವಾಗ, ದರವನ್ನು ಧಡಕ್ಕನೆ ಇಳಿಸಿತು. ಆ ದರ ನಂಬಿ ಮೇವು ಕೊಂಡಿದ್ದವರು, ಸಾಲ ಮಾಡಿದ್ದವರು ತತ್ತರಿಸಿದರು. ಅಲ್ಲಿನ ಸ್ಪರ್ಧಾ ಆಯೋಗ ಮೊಕದ್ದಮೆ ಹೂಡಿತು. ಆದರೆ ಸಹಕಾರಿಗೆ ದಂಡ ಹಾಕಿ ಎಂದು ಅದು ಕೇಳಲಿಲ್ಲ. ಏಕೆ ಗೊತ್ತೆ? ಆ ದಂಡವೂ ಕೊನೆಗೆ ನೊಂದ ರೈತರ ತಲೆಗೇ ಬೀಳುತ್ತಿತ್ತು. ಮಾಜಿ ಮುಖ್ಯಸ್ಥರಿಗೆ 2 ಲಕ್ಷ ಡಾಲರ್ ದಂಡವಾಯಿತು. ಅಷ್ಟು ಹೊತ್ತಿಗೆ, 2018ರಲ್ಲಿ, ಸಹಕಾರಿ ಕೆನಡಾದ ಕಂಪನಿಯೊಂದಕ್ಕೆ ಮಾರಾಟವಾಗಿತ್ತು. ಕೊಟ್ಟ ದರವನ್ನು ಹಿಂದಿನ ತಾರೀಕಿನಿಂದ ಇಳಿಸಬಾರದೆಂಬ ಕಡ್ಡಾಯ ನಿಯಮ 2020ರ ಜನವರಿಯಿಂದ ಆ ದೇಶದಲ್ಲಿ ಜಾರಿಯಾಯಿತು. ನಿಯಮ ಬಂತು, ಸಂಘ ಹೋಯಿತು.

ಗಮನಿಸಿ, ಈ ಎರಡು ಸಹಕಾರಿಗಳನ್ನು ಹೊರದೇಶದ ಪುಡಿ ಹಾಳುಮಾಡಲಿಲ್ಲ. ಸದಸ್ಯರಿಗೆ ಲೆಕ್ಕ ಕಾಣದೆ ಹೋಯಿತು, ಕೇಳುವ ಜಾಗ ತಪ್ಪಿಹೋಯಿತು. ನಾವು ಹೆದರುವ ನ್ಯೂಜಿಲೆಂಡಿನ ಫಾಂಟೆರಾ ಕೂಡ ರೈತರದೇ ಸಹಕಾರಿ. 2001ರಲ್ಲಿ ಅದನ್ನು ಕಟ್ಟಲು ಅಲ್ಲಿನ ಸರ್ಕಾರ ಬೇರೆಯೇ ಕಾನೂನು ಮಾಡಿತು. ದೇಶದ ಹೆಚ್ಚುಕಡಿಮೆ ಎಲ್ಲ ಹಾಲೂ ಒಂದೇ ಸಂಸ್ಥೆಗೆ ಹೋಗುತ್ತದೆ ಎಂದು ತಿಳಿದೇ ಷರತ್ತು ಹಾಕಿತು: ಸೇರಲು ಬಂದ ರೈತರನ್ನು ಸೇರಿಸಿಕೊಳ್ಳಬೇಕು, ಬಿಟ್ಟು ಹೋಗುವವರನ್ನು ತಡೆಯಬಾರದು, ಸಣ್ಣ ಡೇರಿಗಳಿಗೂ ಸ್ವಲ್ಪ ಹಾಲು ಕೊಡಬೇಕು. ದೊಡ್ಡದಾಗಲು ಬಿಟ್ಟರು, ಮೂಗುದಾರವನ್ನೂ ಹಾಕಿದರು.

ನಮ್ಮ ಮನೆಯ ಮಾತು

ಬೇರೆಯವರ ತಪ್ಪು ಹೇಳಿ ನನ್ನದು ಮುಚ್ಚಿಡುವುದು ಸರಿಯಲ್ಲ. ಕೆಲವು ವರ್ಷದ ಹಿಂದೆ ಬೇಸಿಗೆಯಲ್ಲಿ ನಮ್ಮ ಊರಿಗೆ ಖಾಸಗಿಯವರ ವ್ಯಾನು ಬರತೊಡಗಿತು. ಲೀಟರಿಗೆ ಸಂಘಕ್ಕಿಂತ ಎರಡು ರೂಪಾಯಿ ಹೆಚ್ಚು, ವಾರಕ್ಕೊಮ್ಮೆ ಕೈಗೆ ದುಡ್ಡು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂಬ ತಕರಾರಿಲ್ಲ. ನಮ್ಮತ್ತೆ “ಸಂಘ ಎಲ್ಲಿಗೆ ಓಡೋಯ್ತದೆ, ಇಲ್ಲೇ ಇರ್ತದೆ” ಎಂದರು. ನಾನೂ ಸುಮ್ಮನಿದ್ದೆ. ಮೂರು ತಿಂಗಳು ವ್ಯಾನಿಗೇ ಹಾಕಿದೆವು. ಮಳೆ ಹಿಡಿದು ಹಾಲು ಹೆಚ್ಚಾದಾಗ ಮೊದಲು ಮೂರು ರೂಪಾಯಿ ಕಡಿಮೆ ಮಾಡಿದರು. ಆಮೇಲೆ ಒಂದು ಸಂಜೆ ವ್ಯಾನೇ ಬರಲಿಲ್ಲ. ಹದಿನಾಲ್ಕು ಲೀಟರ್ ಹಾಲು ಮುಂದಿಟ್ಟುಕೊಂಡು ಅತ್ತೆ, ನಾನು ಜಗಲಿಯಲ್ಲಿ ಕೂತಿದ್ದು ಇವತ್ತಿಗೂ ಕಣ್ಣ ಮುಂದಿದೆ.

ವಕೀಲಳಾಗಿ ಕಾನೂನು ಪುಸ್ತಕ ತಿರುವಿ ಹಾಕಿದೆ. ಮಾರುಕಟ್ಟೆಯಲ್ಲಿ ಪ್ರಬಲನಾದವನು ಎದುರಾಳಿಯನ್ನು ಮುಗಿಸಲೆಂದೇ ವೆಚ್ಚಕ್ಕಿಂತ ಕಡಿಮೆಗೆ ಮಾರಿದರೆ, ಕೊಳ್ಳುವಾಗ ಅನ್ಯಾಯದ ದರ ಹೇರಿದರೆ ಸ್ಪರ್ಧಾ ಕಾಯ್ದೆ ಹಿಡಿಯುತ್ತದೆ. ಒಂದು ವ್ಯಾನಿನವನು ಪ್ರಬಲನಲ್ಲ. ಅವನು ಹೆಚ್ಚು ಕೊಟ್ಟದ್ದೂ ತಪ್ಪಲ್ಲ, ಬಾರದೆ ಹೋದದ್ದೂ ಆ ಕಾಯ್ದೆಯಡಿ ತಪ್ಪಲ್ಲ. ಮರುದಿನ ಬೆಳಗ್ಗೆ ಕ್ಯಾನು ಹಿಡಿದು ಸಂಘಕ್ಕೇ ಹೋದೆವು. ಯಾರೂ ಬೈಯಲಿಲ್ಲ. ಹಾಲು ಅಳೆದುಕೊಂಡರು. ಹಾಕದ ದಿನಗಳ ಲೆಕ್ಕದಿಂದ ಆ ವರ್ಷದ ಬೋನಸ್ ಮಾತ್ರ ತಪ್ಪಿತು. ಕಾನೂನು ಕಾಯದ ಜಾಗದಲ್ಲಿ ಸಂಘ ಕಾಯಿತು ಎಂದು ನನಗೆ ಅಂದು ತಿಳಿಯಿತು.

ಖಾಸಗಿಯವರಿಗೆ ಹಾಕಲೇಬಾರದು ಎಂದು ನಾನು ಹೇಳುತ್ತಿಲ್ಲ. ಅವರು ಒಳ್ಳೆಯ ದರ ಕೊಟ್ಟರೆ ಸಂಘವೂ ಎಚ್ಚರವಾಗಿರುತ್ತದೆ, ಆ ಪೈಪೋಟಿ ನಮಗೆ ಬೇಕು. ಆದರೆ ಎರಡು ರೂಪಾಯಿಗೆ ಬೇಲಿ ಕೀಳುವ ಮುಂಚೆ, ಮಳೆಗಾಲದ ಹಾಲನ್ನು ಯಾರು ತೆಗೆದುಕೊಳ್ಳುತ್ತಾರೆ ಎಂದು ಒಮ್ಮೆ ಲೆಕ್ಕ ಹಾಕಿ.

ಹಾಗಾದರೆ ಏನು ಮಾಡೋಣ?

ಮೊದಲನೆಯದು ಹೆಸರು. ಸಗಣಿ ಬಾಚುವವರು, ಹುಲ್ಲು ಹೊರುವವರು, ನಡುರಾತ್ರಿ ಕರು ಹಾಕಿಸುವವರು ನೀವು. ಸದಸ್ಯತ್ವ, ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿದೆ? “ನಿಜವಾದ ಉತ್ಪಾದಕರೇ ಸದಸ್ಯರಾಗಿರಬೇಕು” ಎಂಬ ಮಾತು ಮೇಲೆ ಬಂತಲ್ಲ, ಅದನ್ನು ನಮ್ಮ ಮನೆಯಿಂದಲೇ ಶುರುಮಾಡೋಣ. ಮಹಿಳಾ ಸಂಘ ಇರುವ ಊರಿನಲ್ಲೂ ಅಧ್ಯಕ್ಷೆಯ ಹೆಸರು ಹೆಂಡತಿಯದು, ಕುರ್ಚಿ ಗಂಡನದು ಎಂಬಂತೆ ಆಗಿದ್ದರೆ ಅದನ್ನು ಸರಿಪಡಿಸಲು ದೆಹಲಿಯಿಂದ ಯಾರೂ ಬರುವುದಿಲ್ಲ.

ಎರಡನೆಯದು ಸಭೆ. ವಾರ್ಷಿಕ ಮಹಾಸಭೆಗೆ ಹೋಗಿ ಸಹಿ ಹಾಕಿ, ಕಾಫಿ ಕುಡಿದು ಬರಬೇಡಿ. ಸಭೆಗೆ ಬಾರದೆ, ಹಾಲು ಹಾಕದೆ ಇದ್ದರೆ ಮತದಾನದ ಹಕ್ಕಿಗೂ ಕುತ್ತು ಬರಬಹುದು. ನಿಮ್ಮ ಸಂಘದ ಬೈಲಾದಲ್ಲಿ ಏನಿದೆ ಎಂದು ಕಾರ್ಯದರ್ಶಿಯವರನ್ನು ಕೇಳಿ ಓದಿಸಿಕೊಳ್ಳಿ.

ಮೂರನೆಯದು ಪ್ರಶ್ನೆ. ಸಭೆಯಲ್ಲಿ ಇಷ್ಟನ್ನು ಕೇಳಿ: ಗಿರಾಕಿ ಕೊಡುವ ದುಡ್ಡಿನಲ್ಲಿ ನಮ್ಮ ಕೈಗೆ ಬರುವುದೆಷ್ಟು? ಒಕ್ಕೂಟ ಸಂಘಕ್ಕೆ ಕೊಟ್ಟ ದರಕ್ಕೂ ಸಂಘ ನಮಗೆ ಕೊಟ್ಟ ದರಕ್ಕೂ ಅಂತರ ಎಷ್ಟು, ಅದು ಎಲ್ಲಿಗೆ ಹೋಯಿತು? ಗೋದಾಮಿನಲ್ಲಿ ಪುಡಿ ಎಷ್ಟು ಉಳಿದಿದೆ? ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಏನಾದರೂ ಬಂದಿದೆಯೇ? ಇದು ಜಗಳವಲ್ಲ. ಈ ಪತ್ರಿಕೆ ಒಕ್ಕೂಟದ್ದೇ, ಅದರಲ್ಲೇ ಬರೆಯುತ್ತಿದ್ದೇನೆ. ಕೇಳುವ ಸದಸ್ಯೆ ಒಕ್ಕೂಟಕ್ಕೆ ಭಾರವಲ್ಲ, ಅವಳೇ ಅದರ ಗೂಟ.

ನಾಲ್ಕನೆಯದು ಲೆಕ್ಕದ ಪುಸ್ತಕ. ಹಿಂಡಿ, ಬೂಸಾ, ಪಶು ಆಹಾರ, ಖನಿಜ ಮಿಶ್ರಣ, ಮದ್ದು, ಮೇವು, ಕೂಲಿ, ಇದಕ್ಕೆಲ್ಲ ಆದ ಖರ್ಚನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಿಮ್ಮ ದುಡಿಮೆಗೂ ಕೂಲಿ ಹಾಕಿ. ಅದನ್ನು ಬಿಟ್ಟರೆ ಲೆಕ್ಕ ಸುಳ್ಳಾಗುತ್ತದೆ. ಒಂದು ಲೀಟರಿಗೆ ನಿಜವಾದ ವೆಚ್ಚ ಎಷ್ಟು ಎಂದು ಸಂಘಗಳು ತೋರಿಸಿದರೆ ಮಾತ್ರ ನಮ್ಮ ಪರವಾಗಿ ಮಾತಾಡುವವರ ಕೈಯಲ್ಲಿ ಬಲವಾದ ಕಾಗದ ಇರುತ್ತದೆ.

ಕೊನೆಯದಾಗಿ ಪೇಟೆಯ ಗಿರಾಕಿಯ ಮಾತು. “ಸುಂಕ ಹಾಕಿ ಹಾಲನ್ನು ತುಟ್ಟಿ ಮಾಡುತ್ತೀರಿ” ಎಂದು ಅವರು ಕೇಳಿದರೆ ಅದು ನ್ಯಾಯದ ಪ್ರಶ್ನೆಯೇ. ನೀರು ಬೆರೆಸದ, ಔಷಧಿಯ ಅಂಶ ಉಳಿಯದ, ಚೊಕ್ಕ ಹಾಲನ್ನು ಕೊಟ್ಟಾಗ ಮಾತ್ರ ಅದಕ್ಕೆ ಉತ್ತರ ಕೊಡುವ ಮುಖ ನಮಗಿರುತ್ತದೆ. ಕೆಚ್ಚಲುಬಾವಿಗೆ ಮದ್ದು ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಸಂಘಕ್ಕೆ ಹಾಕದಿರುವುದೂ ಬೇಲಿ ಕಾಯುವ ಕೆಲಸವೇ. ಬೇಲಿ ಇದೆ ಎಂದು ಬೆಳೆಗೆ ನೀರು ಹಾಯಿಸದೆ ಕೂರಲಾಗದು.

ಸುಂಕ ಎಷ್ಟಿರಬೇಕೆಂದು ನಿಮ್ಮನ್ನು, ನನ್ನನ್ನು ಕೇಳಿ ಯಾರೂ ತೀರ್ಮಾನಿಸುವುದಿಲ್ಲ. ಸಂಘದ ಆಡಳಿತ ಮಂಡಳಿಯಲ್ಲಿ ಯಾರಿರಬೇಕೆಂದು ಮಾತ್ರ ನಿಮ್ಮನ್ನೇ ಕೇಳುತ್ತಾರೆ. ಹಿರಿಯಕ್ಕನಿಗೆ ನಿನ್ನೆ ಇಷ್ಟನ್ನೂ ಹೇಳಿದೆ. ಎಲ್ಲ ಕೇಳಿಸಿಕೊಂಡು, “ಹಂಗಾರೆ ಈ ಸಲದ ಸಭೆಗೆ ನಾನೇ ಬತ್ತೀನಿ, ನಮ್ಮ ಯಜಮಾನ್ರು ಮನೇಲಿ ಹಾಲು ಕರೀಲಿ” ಎಂದರು.

ನೀವೂ ಬನ್ನಿ.